ಟೂ ಮುಂದೆ, ಇನಫ್ ಹಿಂದೆ, ನಡುವೆ ಟೈಲರಕ್ಕ

ಎಲ್ಲಿಂದ ಶುರು ಮಾಡಲಿ? ಹಳೆಯ ಕಾಲದ ಕಥೆಗಾರರಿಗೆ ಈ ತಾಪತ್ರಯ ಇರಲಿಲ್ಲ. ಜಗಲಿಯ ಮೇಲೆ ಕೂತು, ದೇವರನ್ನು ನೆನೆದು, ಗಂಟಲು ಸರಿ ಮಾಡಿಕೊಂಡರೆ ಸಾಕು, ರಾಜ ತಾನಾಗಿಯೇ ಬೇಟೆಗೆ ಹೊರಡುತ್ತಿದ್ದ. ನಾನೂ ದೇವರನ್ನು ನೆನೆದಿದ್ದೇನೆ, ಗಂಟಲೂ ಸರಿಯಾಗಿದೆ. ಆದರೆ ರಾಜ ಎಲ್ಲಿ? ನನ್ನ ಪಾಲಿಗೆ ಬಂದದ್ದು ನಾಲ್ಕನೇ ಮಹಡಿಯ ಒಂದು ಕೋಣೆ, ಒಂದು ಬಿಳಿ ಬೋರ್ಡು, ಮಕ್ಕಳ ಅಳತೆಯ ಬೆಂಚಿನಲ್ಲಿ ಮಂಡಿ ತುರುಕಿಕೊಂಡು ಕೂತ ದೊಡ್ಡವರು, ಮತ್ತು ಇಂಗ್ಲಿಷ್.

ಆಗಲಿ. ಭಗವಂತ ಕೊಟ್ಟದ್ದರಿಂದಲೇ ಶುರು ಮಾಡೋಣ.

೧

ಟೀಚರಮ್ಮ (ಇಡೀ ಕ್ಲಾಸಿನಲ್ಲಿ ಅವಳೇ ಚಿಕ್ಕವಳು, ಆದರೂ ಎಲ್ಲರಿಗೂ ಅಮ್ಮ) ಟೈಲರಕ್ಕನ ಬಟ್ಟೆಚೀಲವನ್ನು ಎತ್ತಿ ತೋರಿಸಿದಳು. "ಲೈಟ್ ಇನಫ್ ಟು ಲಿಫ್ಟ್. ಎತ್ತುವಷ್ಟು ಹಗುರ." ಆಮೇಲೆ ಕಬ್ಬಿಣದ ಮೇಜನ್ನು ಹಿಡಿದು ಎಳೆದು ಸೋತಳು. "ಟೂ ಹೆವಿ ಟು ಲಿಫ್ಟ್. ಎತ್ತಲಾರದಷ್ಟು ಭಾರ. ನೋಡಿ, ಟೂ ಯಾವಾಗಲೂ ಗುಣ ಹೇಳೋ ಪದದ ಮುಂದೆ ನಿಲ್ಲುತ್ತೆ, ಇನಫ್ ಹಿಂದೆ ಬರುತ್ತೆ. ಕೊನೆಗೆ ಟು ಹಾಕಿ ಕೆಲಸ ಹೇಳಬೇಕು."

"ಗೊತ್ತಾಯ್ತು ಬಿಡಿ," ಎಂದಳು ಟೈಲರಕ್ಕ. "ಟೂ ಅನ್ನೋದು ನಮ್ಮ ದೊಡ್ಡಪ್ಪನ ಥರ. ಎಲ್ಲದಕ್ಕೂ ಮುಂದೆ ನಿಂತು ಬೇಡ ಅನ್ನುತ್ತೆ."

"ಇನಫ್?"

"ಅದು ಸೋದರತ್ತೆ. ಹಿಂದಿನಿಂದ ಬಂದು, ಹೋಗ್ಲಿ ಬಿಡ್ರೋ, ಆಗುತ್ತೆ ಅನ್ನುತ್ತೆ."

(ಇನಫ್, ಅಂದರೆ ಸಾಕು ಎಂಬ ಮಾತಿನ ಮೇಲೆ ನಾನು ಎಷ್ಟೋ ಪ್ರವಚನ ಕೇಳಿದ್ದೇನೆ. ದೇವರ ದಯೆಯೂ ಸದ್ದಿಲ್ಲದೆ ಬೆನ್ನ ಹಿಂದಿನಿಂದ ಬರುತ್ತದೆ ಎಂದು ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ.)

೨

ಈಗ ಟೈಲರಕ್ಕ ಯಾರೆಂದು ಹೇಳಬೇಕು. ಐವತ್ತು ದಾಟಿದವಳು. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದಾಗ ತಮ್ಮ ಇನ್ನೂ ಚಡ್ಡಿ ಹಾಕುತ್ತಿದ್ದ. ಮೆಷಿನ್ ತುಳಿದು ಅವನನ್ನು ದೊಡ್ಡವನನ್ನಾಗಿ ಮಾಡಿದಳು. ಬಂದ ಗಂಡುಗಳಿಗೆಲ್ಲ "ಹುಡುಗ ಓದಲಿ, ಆಮೇಲೆ" ಎಂದಳು. ಹುಡುಗ ಓದಿ ಬಸ್ ಕಂಡಕ್ಟರ್ ಆಗುವ ಹೊತ್ತಿಗೆ ಗಂಡುಗಳು ಬರುವುದು ನಿಂತಿತ್ತು. ತಮ್ಮ ಈಗ ಅದೇ ಕ್ಲಾಸಿನಲ್ಲಿ ಅವಳ ಹಿಂದಿನ ಬೆಂಚು. ಬಸ್ಸಿನಲ್ಲಿ ಅವನ ದನಿಗೆ ಕೊನೆಯ ಸೀಟಿನ ಕುಂಭಕರ್ಣನೂ ಏಳಬೇಕು, ಇಲ್ಲಿ ಮಾತ್ರ ಬಾಯಿಗೆ ಬೀಗ.

ಪಕ್ಕದ ಬೆಂಚಿನಲ್ಲಿ ಲಿಫ್ಟ್ ರಿಪೇರಿಯವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದೆ. ಮಾತು ಕಮ್ಮಿ. ಟೈಲರಕ್ಕನ ಪೆನ್ಸಿಲ್ ಮೊಂಡಾಗುವ ಮೊದಲೇ ಅವರು ಇನ್ನೊಂದನ್ನು ಕೆತ್ತಿ ಇಟ್ಟಿರುತ್ತಿದ್ದರು. ಮುಂದಿನ ವಾರ ಅವರಿಗೆ ಬೇರೆ ಊರಿನಲ್ಲಿ ಕೆಲಸ. ಇವತ್ತೇ ಕೊನೆಯ ಕ್ಲಾಸು.

೩

"ಎಲ್ಲಾರೂ ಒಂದೊಂದು ಸ್ವಂತ ವಾಕ್ಯ ಹೇಳಿ," ಎಂದಳು ಟೀಚರಮ್ಮ.

ಲಿಫ್ಟಿನವರು ಎದ್ದರು. ಬೋರ್ಡಿನ ಕಡೆ ತಿರುಗಲಿಲ್ಲ, ಟೈಲರಕ್ಕನ ಕಡೆ ತಿರುಗಿದರು. "ಐ ಆ್ಯಮ್ ಓಲ್ಡ್ ಇನಫ್ ಟು ಆಸ್ಕ್. ಯೂ ಆರ್ ನಾಟ್ ಟೂ ಓಲ್ಡ್ ಟು ಮ್ಯಾರಿ ಮಿ."

(ಕೇಳುವಷ್ಟು ವಯಸ್ಸು ನನಗಾಗಿದೆ, ನನ್ನನ್ನು ಮದುವೆಯಾಗಬಾರದಷ್ಟು ವಯಸ್ಸು ನಿಮಗಾಗಿಲ್ಲ. ವ್ಯಾಕರಣ ತಪ್ಪಿ ಏನೋ ಅನಾಹುತ ಆಗುತ್ತದೆಂದು ಕಾಯುತ್ತಿದ್ದ ಓದುಗರು ಕ್ಷಮಿಸಬೇಕು. ವಾಕ್ಯ ಸರಿಯಾಗಿಯೇ ಇತ್ತು. ಎಲ್ಲರಿಗೂ ಅರ್ಥವಾಯಿತು. ಕಷ್ಟ ಬಂದದ್ದೇ ಅಲ್ಲಿ.)

ಟೀಚರಮ್ಮ ಅಭ್ಯಾಸಬಲದಿಂದ "ವೆರಿ ಗುಡ್, ಸಿಟ್ ಡೌನ್" ಎಂದು, ಆಮೇಲೆ ತಾನೇ ಕುಸಿದು ಕೂತಳು.

ಮೊದಲ ಕರಡು

ಕಂಡಕ್ಟರ್ ಬೆಂಚು ಗುದ್ದಿ ಅಕ್ಕನ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಅವಳು ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತಳು. ಬರೆಯುತ್ತ ನನ್ನ ಕಣ್ಣೂ ಒದ್ದೆಯಾಯಿತು. ಅಷ್ಟರಲ್ಲಿ ಟೈಲರಕ್ಕ ಹಾಳೆ ಕಿತ್ತುಕೊಂಡಳು.

"ಯಾರ್ರೀ ಇದು, ಅಳ್ತಿರೋದು?"

"ನೀವೇ ಅಕ್ಕ."

"ನನಗೆ ಅಳೋಕೆ ಪುರುಸೊತ್ತಿದೆಯಾ? ಶಾಲೆ ಯೂನಿಫಾರಂ ಹೊಲಿಯೋ ಕಾಲ ಇದು. ಬಿಳಿ ಬಟ್ಟೆ ಮೇಲೆ ಕಣ್ಣೀರಿನ ಕಲೆ ಆದ್ರೆ ನೀವು ಒಗೆದು ಕೊಡ್ತೀರಾ? ಹರೀರಿ ಮೊದ್ಲು."

ಹರಿದೆ.

ಎರಡನೇ ಕರಡು

ಮದುವೆ. ದೀಪ, ಹೂವು, ನಗು. ಈ ಸಲ ಲಿಫ್ಟಿನವರೇ ನನ್ನ ಹೆಗಲು ತಟ್ಟಿದರು. "ಸ್ವಾಮಿ, ಅವರಿನ್ನೂ ಹೂಂ ಅಂದಿಲ್ಲ. ನೀವಾಗ್ಲೇ ಊಟಕ್ಕೇ ಕೂರಿಸ್ಬಿಟ್ರಲ್ಲ."

ಎರಡೂವರೆ

ತಮ್ಮನನ್ನು ಒಂದು ಸಣ್ಣ ಅಪಘಾತದಲ್ಲಿ (ನೋವಿಲ್ಲದಂತೆ) ಮುಗಿಸಿಬಿಟ್ಟರೆ ಹೇಗೆ ಎಂದು ಯೋಚಿಸಿದ್ದು ನಿಜ. ಪೆನ್ನು ಕಾಗದಕ್ಕೆ ತಾಗುವ ಮೊದಲೇ ಕಂಡಕ್ಟರ್ ಕೈ ಚಾಚಿದ.

"ಟಿಕೆಟ್?"

"ಯಾವುದಕ್ಕಪ್ಪ?"

"ಈ ಕಥೆಗೆ. ಹತ್ತಿದ್ದೇ ಪುಕ್ಕಟೆ, ಮೇಲೆ ಪ್ಯಾಸೆಂಜರ್‌ನೇ ಕೆಳಗೆ ತಳ್ತೀರಾ?"

೩, ಮತ್ತೆ

ಸರಿ. ನಡೆದದ್ದನ್ನೇ ಹೇಳುತ್ತೇನೆ.

ಟೈಲರಕ್ಕ ಲಿಫ್ಟಿನವರನ್ನು ನೋಡಲಿಲ್ಲ. ಹೂಂ ಎನ್ನುವ ಆಸೆ ಅವಳ ಎದೆಯಲ್ಲಿ ಕುಕ್ಕರಿನ ಸೀಟಿಯಂತೆ ಕುಣಿಯುತ್ತಿತ್ತು. ಆದರೆ ತಾನು ತುತ್ತು ಉಣಿಸಿ ಬೆಳೆಸಿದವನನ್ನು ದಾಟಿಕೊಂಡು ಆ ಮಾತು ಆಡಲಾರಳು. ಅವನ ತಲೆ ತಗ್ಗಿದರೆ ಬೇಡ ಎಂದುಬಿಡುವುದು ಎಂದು ನಿಶ್ಚಯಿಸಿ ಹಿಂದಕ್ಕೆ ತಿರುಗಿದಳು.

ತಮ್ಮ ಎದ್ದು ನಿಂತ. "ಮೈ ಸಿಸ್ಟರ್ ಈಸ್..." ಎಂದು ನಿಂತುಬಿಟ್ಟ.

"ಓಲ್ಡ್?" ಎಂದರು ಯಾರೋ. "ಬಿಜಿ?" ಎಂದರು ಇನ್ಯಾರೋ. ಅವನು ತಲೆ ಕೊಡವಿ ಇಂಗ್ಲಿಷನ್ನು ಬೆಂಚಿನ ಮೇಲೇ ಬಿಟ್ಟ.

"ಅಕ್ಕ, ನಿನಗೆ ಇಷ್ಟ ಇದೆಯಾ?"

"ನೀನು ಊಟಕ್ಕೇನ್ ಮಾಡ್ತೀಯೋ?"

"ಕೇಳಿದ್ದಕ್ಕೆ ಉತ್ತರ ಕೊಡು. ಅನ್ನ ನಾನು ಬೇಯಿಸ್ಕೋತೀನಿ."

"ಬೇಯಿಸ್ತೀಯ. ತಳ ಹಿಡಿಸ್ತೀಯ."

"ಮೇಲಿನದು ತಿನ್ನೋವಷ್ಟು ಬೆಂದಿರುತ್ತೆ, ಬಿಡು. ನಾನೇನು ಈಗಲೂ ಚಡ್ಡಿ ಹಾಕ್ತೀನಾ?"

ಕ್ಲಾಸು ಗೊಳ್ಳೆಂದಿತು. ಟೈಲರಕ್ಕನ ಕಿವಿ ಕೆಂಪಗಾಯಿತು. ಬಾಯಿ ತೆರೆದಳು. ನಾನು ಪೆನ್ನು ಹಿಡಿದು ಮುಂದೆ ಬಾಗಿದೆ.

"ಇಲ್ಲಿ ಬೇಡ," ಎಂದಳು. "ಇವರು ಬರ್ಕೋತಿದಾರೆ."

ಕೊನೆ (ಎಂದು ಅಂದುಕೊಂಡಿದ್ದೆ)

ಮೂವರೂ ಲಿಫ್ಟಿಗೆ ಹೋದರು. ನಾನೂ ಒಂದು ಕಾಲಿಟ್ಟೆ.

"ಲೋಡ್ ಜಾಸ್ತಿಯಾಗುತ್ತೆ ಸ್ವಾಮಿ," ಎಂದರು ಲಿಫ್ಟಿನವರು.

"ಆರು ಜನಕ್ಕೆ ಅಂತ ಬರೆದಿದೆಯಲ್ಲ."

"ನೀವು ಓದುಗರನ್ನ ಬೇರೆ ಕರ್ಕೊಂಡು ಬಂದಿದೀರಿ."

ಬಾಗಿಲು ಮುಚ್ಚಿತು. ಮೆಟ್ಟಿಲಲ್ಲಿ ಬಿದ್ದಂಬೀಳ ಇಳಿದೆ. ಮೂರನೇ ಮಹಡಿಯಲ್ಲಿ ಲಿಫ್ಟಿನ ಹಗ್ಗದ ಗುಂಯ್‌ಗುಟ್ಟುವಿಕೆ ಮಾತ್ರ. ಎರಡನೆಯದರಲ್ಲಿ ಟೈಲರಕ್ಕನ ದನಿ, ಒಂದೇ ಮಾತು. ಹೂಂ ಎನ್ನುವಷ್ಟು ಗಿಡ್ಡವೋ, ಬೇಡ ಎನ್ನುವಷ್ಟು ಉದ್ದವೋ, ನನ್ನ ಏದುಸಿರಿನಲ್ಲಿ ಕೇಳಿಸಲಿಲ್ಲ. ಮೊದಲನೆಯದರಲ್ಲಿ ಇಡೀ ಕಟ್ಟಡಕ್ಕೆ ಕೇಳುವಂತೆ ಕಂಡಕ್ಟರನ ಬಸ್ಸಿನ ದನಿ:

"ರೈಟ್, ರೈಟ್."

ಕೆಳಗೆ ಬಂದು ನೋಡುತ್ತೇನೆ, ಲಿಫ್ಟು ಬಾಗಿಲು ತೆರೆಯದೆ ಮತ್ತೆ ಮೇಲಕ್ಕೆ ಹೊರಟಿದೆ. ಒಳಗಿನಿಂದ ನಗು. ಮೂವರದೋ ಇಬ್ಬರದೋ ಹೇಳಲಾರೆ.

ನಾನು ಪುನಃ ಮೆಟ್ಟಿಲು ಹತ್ತುತ್ತಿದ್ದೇನೆ, ದೇವರು ಮೊಣಕಾಲು ಕೊಟ್ಟಷ್ಟು ದೂರ. ನೀವು ಇಲ್ಲೇ ಕೆಳಗೆ ಬಾಗಿಲ ಬಳಿ ನಿಂತಿರಿ. ಅವರು ಇಳಿದು ಬಂದರೆ ಏನಾಯಿತೆಂದು ಕೇಳಲು ಹೋಗಬೇಡಿ. ಸುಮ್ಮನೆ ದಾರಿ ಬಿಡಿ.