ನಗುವ ಹೆಂಗಸಿನ ಚಿತ್ರ

ಕಾಸ್ಟಿಕ್ ಸೋಡಾ ಇಟ್ಟಿದ್ದ ಮರದ ಪೆಟ್ಟಿಗೆಯ ಮೇಲೆ ಲಾಮಿಸಿ ಕಾಲು ಇಳಿಬಿಟ್ಟು ಕೂತುಬಿಟ್ಟಿದ್ದಳು. ಬೀಗದ ಕೈ ಅವಳ ಸೊಂಟದ ಗಂಟಿನಲ್ಲಿ ಭದ್ರವಾಗಿತ್ತು. ಅವಳನ್ನು ಅಲ್ಲಿಂದ ಎಬ್ಬಿಸಲು ನಾಲ್ಕು ಜನರಾದರೂ ಬೇಕು. ಅಂಗಳದಲ್ಲಿ ಹದಿಮೂರು ಹೆಂಗಸರಿದ್ದರೂ ಹತ್ತಿರ ಹೋಗುವ ಧೈರ್ಯ ಒಬ್ಬಳಿಗೂ ಇರಲಿಲ್ಲ.

ಆಗಿದ್ದಿಷ್ಟೇ. ಈ ಹೆಂಗಸರ ಸಂಘ ಶಿಯಾ ಮರದ ಬೀಜದ ಬೆಣ್ಣೆಯಿಂದ ಮಾಡುವ ಸಾಬೂನು ರಾಜಧಾನಿ ಅಕ್ರಾದ ಒಂದು ಕಂಪನಿಗೆ ಹಿಡಿಸಿತ್ತು. ದೊಡ್ಡ ಹೋಟೆಲುಗಳಿಗೆಂದು ಮೂರು ಸಾವಿರ ಬಿಲ್ಲೆ ಬೇಕು ಎಂದಿದ್ದರು. ಹರ್ಮಟನ್ ಧೂಳುಗಾಳಿ ಶುರುವಾಗಿ ಹೊಲಗಳೆಲ್ಲ ಒಣಗಿದ್ದವು, ಮಳೆ ಬರಲು ಇನ್ನೂ ನಾಲ್ಕು ತಿಂಗಳಿತ್ತು. ಆ ಆರ್ಡರು ಕೈಗೆ ಬಂದರೆ ಅಷ್ಟೂ ಹೆಂಗಸರ ಮನೆಗಳ ಒಲೆ ಅಲ್ಲಿಯವರೆಗೂ ನಿರಾಳವಾಗಿ ಉರಿಯುತ್ತಿತ್ತು. ಪೊಟ್ಟಣದ ಮೇಲೆ ಹಾಕಲು ಒಂದು ಫೋಟೋ ಬೇಕೆಂದು ಕಂಪನಿಯವರು ಎಬೊ ಎಂಬ ಹುಡುಗನನ್ನು ಕಳಿಸಿದ್ದರು. ಎಬೊ ಸಮುದ್ರದ ಕಡೆಯವನು. ಇಲ್ಲಿಯ ತಮಾಲೆ ಪೇಟೆಯಲ್ಲಿ ಎರಡು ವರ್ಷ ಇದ್ದು ಈ ಕಡೆಯ ಮಾತು ಕಲಿತಿದ್ದ, ಮಾತಾಡಿದರೆ ಕಲ್ಲು ಸಿಕ್ಕಿದ ಅನ್ನ ಅಗಿದ ಹಾಗಿರುತ್ತಿತ್ತು. ಆದರೂ ಒಳ್ಳೆಯ ಹುಡುಗನೇ. ಬಂದವನು ಮೊದಲು ಎಲ್ಲರ ಮನೆಯ ಕ್ಷೇಮ ಕೇಳಿದ, ಹುಳಿ ಗಂಜಿ ಎರಡು ಸೋರೆ ಬುರುಡೆ ಕುಡಿದ, ಆಮೇಲೆ ಕ್ಯಾಮೆರಾ ತೆಗೆದ.

ತೆಗೆದವನು ಲಾಮಿಸಿಯ ಸೊಸೆ ಫುಸೇನಾಳನ್ನು ನೋಡಿ ಮುಖ ಕಿವುಚಿದ. ಅವಳು ಮೊಳಕೈವರೆಗೆ ರಬ್ಬರ್ ಕೈಗವಸು, ಕಣ್ಣಿಗೆ ದೊಡ್ಡ ಪ್ಲಾಸ್ಟಿಕ್ ಕನ್ನಡಕ, ಕಾಲಿಗೆ ಬೂಟು ಹಾಕಿ ನಿಂತಿದ್ದಳು.

"ಇದೇನಿದು, ಆಸ್ಪತ್ರೆ ಥರ ಇದೆಯಲ್ಲಾ! ಕೊಳ್ಳೋರು ಹೆದರ್ಕೊಂಡು ಓಡಿಹೋಗ್ತಾರೆ. ಇದನ್ನೆಲ್ಲ ಬಿಚ್ಚಿಸಿ. ಹಳದಿ ಬಟ್ಟೆ ಉಡಲಿ, ಕೈ ಬರಿದಾಗಿರಲಿ, ಕಾಸ್ಟಿಕ್ ಕಲಸ್ತಾ ಒಂಚೂರು ನಗಲಿ. ಅಷ್ಟೇ ಸಾಕು. ಆ ಬಿಳಿ ಪುಡಿ ಏನು ಅಂತ ಕೊಳ್ಳೋರಿಗೆ ಗೊತ್ತಾಗಲ್ಲ. ಪೊಟ್ಟಣದ ಮೇಲೆ 'ಕಾಸ್ಟಿಕ್ ಇಲ್ಲದ ಸಾಬೂನು' ಅಂತ ಬೇರೆ ಬರೀತಾರೆ."

"ಕಾಸ್ಟಿಕ್ ಇಲ್ಲದಿದ್ರೆ ಅದು ಸಾಬೂನಲ್ಲ ತಮ್ಮಾ, ಬರೀ ಬೆಣ್ಣೆ," ಎಂದಳು ಲಾಮಿಸಿ. "ನಿಮ್ಮ ಹೋಟ್ಲಿನವರು ಬೆಣ್ಣೆ ಹಚ್ಕೊಂಡು ಸ್ನಾನ ಮಾಡ್ತಾರಾ? ಹಾಕೋದು ನಿಜ. ತೂಕ ಮಾಡಿ ಹಾಕ್ತೀವಿ, ನಾಲ್ಕು ವಾರ ಒಣಗಿಸ್ತೀವಿ. ಅಷ್ಟೊತ್ತಿಗೆ ಕಾಸ್ಟಿಕ್ಕೂ ಬೆಣ್ಣೇನೂ ಒಂದನ್ನೊಂದು ತಿಂದು ಸಾಬೂನಾಗಿರುತ್ತೆ. ಇದರಲ್ಲಿ ಮುಚ್ಚಿಡೋದು ಏನಿದೆ?"

ಎಬೊ ಸಂಘದ ಯಜಮಾನಿಯ ಕಡೆ ನೋಡಿದ. ಅವಳ ಹೆಸರು ಸನಾತು, ಹೆಂಗಸರ ಮುಖ್ಯಸ್ಥೆ ಎಂದು ಎಲ್ಲರೂ ಮಗಾಜಿಯಾ ಎನ್ನುತ್ತಿದ್ದರು. ಇಡೀ ಮಾರುಕಟ್ಟೆಯ ಹೆಂಗಸರ ತಂಟೆ ತಕರಾರು ತೀರಿಸುವವಳು. ಅವಳ ಮಾತಿಗೆ ಗಂಡಸರೂ ಎದುರಾಡುವುದಿಲ್ಲ. "ಲಾಮಿಸಿ, ಪೆಟ್ಟಿಗೆ ಕೀ ಕೊಡು," ಎಂದಳು. ಲಾಮಿಸಿ ಹೋಗಿ ಪೆಟ್ಟಿಗೆಯ ಮೇಲೆ ಕೂತಿದ್ದು ಆವಾಗಲೇ.

"ಅಕ್ಕಾ, ಬರಿಗೈಲಿ ಕಾಸ್ಟಿಕ್ ಮುಟ್ಟೋಕೆ ನಾನು ಇದನ್ನ ತೆಗೆಯಲ್ಲ. ನೀವು ಹೇಳಿದ್ರೂ ತೆಗೆಯಲ್ಲ."

"ನಾಳೆಯಿಂದ ಸಂಘಕ್ಕೆ ಬರ್ಬೇಡ ಅಂತ ಹೇಳಿದ್ರೆ?"

"ಬರಲ್ಲ. ಕೀನೂ ಬರಲ್ಲ."

ಮಗಾಜಿಯಾಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಅವಳು ಸಿಟ್ಟಿನಲ್ಲೂ ಬುದ್ಧಿ ಕಳೆದುಕೊಳ್ಳುವವಳಲ್ಲ. ನಕ್ಕಳು.

"ಸರಿ, ಕೂತ್ಕೋ. ಬೇಕಾದ್ರೆ ಅಲ್ಲೇ ಮೊಟ್ಟೆನೂ ಇಡು. ಫುಸೇನಾ, ಅಡುಗೆಮನೆಯಿಂದ ಉಪ್ಪು ತಗೊಂಬಾ. ಫೋಟೋದಲ್ಲಿ ಉಪ್ಪು ಯಾವುದು, ಕಾಸ್ಟಿಕ್ ಯಾವುದು ಅಂತ ಯಾವ ಪುಣ್ಯಾತ್ಮನಿಗೆ ಗೊತ್ತಾಗುತ್ತೆ!"

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಎಬೊನೂ ಖುಷಿಯಾಗಿ, "ಉಪ್ಪು! ನೋಡಿ ಅಮ್ಮಾ, ಈಗ ಯಾರಿಗೂ ಏನೂ ಆಗಲ್ಲ. 'ಕಾಸ್ಟಿಕ್ ಇಲ್ಲದ' ಅನ್ನೋದನ್ನ ತೆಗೆಸ್ತೀನಿ, ಬೇಕಾದ್ರೆ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆನೂ ಹಾಕಿಸ್ತೀನಿ," ಎಂದ.

ಉಪ್ಪಿನಿಂದ ಯಾರೂ ಸುಟ್ಟುಕೊಳ್ಳುವುದಿಲ್ಲ, ಅದು ನಿಜ. ಪೆಟ್ಟಿಗೆಯ ಮೇಲೆ ಕೂತಿದ್ದು ಈಗ ಲಾಮಿಸಿಗೇ ನಗೆಪಾಟಲಾಗಿ ಕಂಡಿತು.

ಫುಸೇನಾ ಕೈಗವಸು ಬಿಚ್ಚಿದಳು, ಕನ್ನಡಕ ತೆಗೆದಳು, ಹಳದಿ ಬಟ್ಟೆ ಉಟ್ಟು ಬಂದಳು. ಇಪ್ಪತ್ತರ ಹುಡುಗಿ, ಏನು ಉಟ್ಟರೂ ಚಂದ. ಪ್ಲಾಸ್ಟಿಕ್ ಬಕೆಟ್ಟು ಚೆನ್ನಾಗಿ ಕಾಣುವುದಿಲ್ಲವೆಂದು ಎಬೊ ಬಿಸಿಲಿಗೆ ಹೊಳೆಯುವ ಅಲ್ಯೂಮಿನಿಯಂ ಬೋಗುಣಿ ತರಿಸಿದ. ಕಾಸ್ಟಿಕ್ ಅಲ್ಯೂಮಿನಿಯಮ್ಮನ್ನು ತಿಂದು ಕರ್ರಗೆ ಮಾಡಿ, ಉಸಿರುಗಟ್ಟಿಸುವ ಹೊಗೆ ಎಬ್ಬಿಸುತ್ತದೆ. ಅದಕ್ಕೇ ಲಾಮಿಸಿ ಆ ಬೋಗುಣಿಗಳನ್ನು ಸಾಬೂನಿನ ಅಂಗಳಕ್ಕೆ ಕಾಲಿಡಲೂ ಬಿಡುತ್ತಿರಲಿಲ್ಲ. ಈಗ ಅದರ ತಳದಲ್ಲಿ ಬೆಳ್ಳಗೆ ಉಪ್ಪು ಸುರಿದರು.

"ಈಗ ಬುರುಡೆಯಿಂದ ಅದರ ಮೇಲೆ ನೀರು ಹೊಯ್ಯಮ್ಮಾ. ಎತ್ತರದಿಂದ, ನಿಧಾನಕ್ಕೆ. ನೀರು ಬಿಸಿಲಲ್ಲಿ ಮಿಂಚ್ಬೇಕು. ಬೋಗುಣಿ ಕಡೆ ಬಗ್ಗು. ಹಾಂ. ನಗು."

ಫುಸೇನಾ ಬಗ್ಗಿದಳು. ನಕ್ಕಳು. ಬೆಳ್ಳನೆಯದರ ಮೇಲೆ ನೀರು ಬೀಳತೊಡಗಿತು.

ಈ ಚಿತ್ರವನ್ನು ಲಾಮಿಸಿ ಮೊದಲೇ ನೋಡಿದ್ದಳು. ಇದೇ ಬೋಗುಣಿ, ಇದೇ ಬರಿಗೈ, ಇದೇ ನಗು. ಪೆಟ್ಟಿಗೆಯಿಂದ ಧುಮುಕಿ ಉಗ್ರಾಣಕ್ಕೆ ಓಡಿದಳು. ಬಾಗಿಲ ಹಿಂದಿನ ಗೋಡೆಯಲ್ಲಿ ಮಸೀದಿಯ ಕ್ಯಾಲೆಂಡರು ನೇತಾಡುತ್ತಿತ್ತು. ಅದನ್ನು ಎತ್ತಿಟ್ಟು, ಅದರ ಕೆಳಗೆ ಅಂಟಿದ್ದ ಹಳೆಯ ಪೋಸ್ಟರನ್ನು ಗೋಡೆಯ ಸುಣ್ಣದ ಸಮೇತ ಕಿತ್ತಳು. ಇಪ್ಪತ್ಮೂರು ವರ್ಷ ಅದು ಅಲ್ಲೇ ಇತ್ತು. ಅದು ಅಲ್ಲಿದೆ ಎಂದು ಅವಳಿಗೆ ದಿನವೂ ಗೊತ್ತಿತ್ತು.

"ನಿಲ್ಲಿಸು!" ಎನ್ನುತ್ತಾ ಬಂದು ಅದನ್ನು ಎಬೊನ ಮುಖದ ಮುಂದೆ ಹಿಡಿದಳು.

ಯಾವನೋ ಕಾಸ್ಟಿಕ್ ವ್ಯಾಪಾರಿ ಅಂದು ಮೂಟೆಗೊಂದು ಎಂದು ಹಂಚಿದ್ದ ಪೋಸ್ಟರು ಅದು. ಹೂವಿನ ಬಟ್ಟೆ ಉಟ್ಟ ಹೆಂಗಸೊಬ್ಬಳು ಬಿಳಿ ಚೂರು ತುಂಬಿದ ಬೋಗುಣಿಗೆ ತಂಬಿಗೆಯಿಂದ ನೀರು ಹೊಯ್ಯುತ್ತಾ, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಳು.

"ನನ್ನ ಕಣ್ಣು ಹೇಗೆ ಹೋಯ್ತು ಅಂತ ಹೇಳ್ತಾರೆ ಈ ಊರಲ್ಲಿ? ಹೇಳ್ರೇ!"

ಲಾಮಿಸಿಯ ಎಡಗಣ್ಣು ಬೇಯಿಸಿದ ಮೊಟ್ಟೆಯ ಬಿಳಿಯ ಹಾಗಿತ್ತು. ಸಾಬೂನಿನ ಗಡಿಗೆಗೆ ಮರೆ ಕಟ್ಟದೆ ಕೂತಿದ್ದಳು, ಯಾರದೋ ದೃಷ್ಟಿ ತಾಗಿತು ಎಂದು ಕೆಲವರು ಹೇಳುತ್ತಿದ್ದರು. ಅಜಾಗರೂಕಳು, ಮೊದಲಿಂದಲೂ ಅವಳ ಕೈ ನಿಲ್ಲುತ್ತಿರಲಿಲ್ಲ ಎಂದು ಇನ್ನು ಕೆಲವರು. ಲಾಮಿಸಿ ಎರಡನ್ನೂ ಕೇಳಿಸಿಕೊಂಡು ಸುಮ್ಮನಿದ್ದವಳು. ಇಂದು ಸುಮ್ಮನಿರಲು ಆಗಲಿಲ್ಲ.

"ನಮ್ಮಮ್ಮ ಬೂದಿ ನೀರು ಸೋಸಿ ಸಾಬೂನು ಮಾಡ್ತಿದ್ಳು. ಕಾಸ್ಟಿಕ್ ಅಂದ್ರೇನು ಅಂತ ನನಗೆ ಹೇಳಿಕೊಡೋರು ಯಾರಿದ್ರು? ಓದೋಕೆ ಬರಲ್ಲ. ಈ ಚಿತ್ರ ಇತ್ತು. ಇವಳನ್ನ ನೋಡ್ಕೊಂಡು ಇವಳು ಮಾಡಿದ ಹಾಗೇ ಮಾಡ್ದೆ. ಬೋಗುಣಿಗೆ ಕಾಸ್ಟಿಕ್ ಹಾಕ್ದೆ, ಮೇಲೆ ನೀರು ಹೊಯ್ದೆ, ನೋಡೋಣ ಅಂತ ಬಗ್ಗಿದೆ. ಕುದ್ದು ಮುಖಕ್ಕೆ ಹಾರ್ತು. ನಾಚಿಕೆ ಆಯ್ತು ನನಗೆ. ಒಂದು ಚಿತ್ರ ನೋಡಿ ಮೋಸ ಹೋದೆ ಅಂತ ಯಾರಿಗೂ ಹೇಳ್ಲಿಲ್ಲ. ದೃಷ್ಟಿ ಅಂದ್ರು, ಹೂಂ ಅಂದೆ."

ಪೋಸ್ಟರನ್ನು ಸೊಸೆಯ ಕೈಗೆ ಕೊಟ್ಟಳು. "ಕೆಳಗೆ ಇರುವೆ ಸಾಲಿನ ಥರ ಏನೋ ಬರ್ದಿದಾರಲ್ಲ, ನೀನು ಓದಿದೋಳು. ಓದು."

ಫುಸೇನಾ ಕಣ್ಣು ಕಿರಿದು ಮಾಡಿ ಇಂಗ್ಲಿಷಿನದನ್ನು ತಮ್ಮ ಮಾತಿಗೆ ತಿರುಗಿಸುತ್ತಾ ಓದಿದಳು. "ಕೈಗೂ ಕಣ್ಣಿಗೂ ರಕ್ಷಣೆ ಇಲ್ಲದೆ ಬಳಸಬಾರದು. ಯಾವಾಗಲೂ ನೀರಿಗೆ ಕಾಸ್ಟಿಕ್ ಹಾಕಬೇಕು. ಕಾಸ್ಟಿಕ್‌ಗೆ ನೀರು ಎಂದೂ ಹಾಕಬಾರದು..." ಓದುತ್ತಾ ಅವಳ ದನಿ ಇಳಿದುಹೋಯಿತು. "ಅತ್ತೆ, ಇದರಲ್ಲೇ ಇದೆ. ಎಲ್ಲಾ ಬರ್ದಿದೆ."

"ಬರ್ದಿದೆಯಾ?" ಎಂದಳು ಲಾಮಿಸಿ. ಅದು ಅವಳಿಗೂ ಗೊತ್ತಿರಲಿಲ್ಲ. ಆ ಸಾಲುಗಳಲ್ಲಿ ಅಂಗಡಿಯ ವಿಳಾಸ ಇರಬಹುದೆಂದು ಇಷ್ಟು ವರ್ಷ ಅಂದುಕೊಂಡಿದ್ದಳು. ಎಬೊನ ಕಡೆ ತಿರುಗಿದಳು.

"ಇದೇ ಅಲ್ವಾ ತಮ್ಮಾ ನಿನ್ನ ಸಣ್ಣ ಅಕ್ಷರ? ನನ್ನ ಸೊಸೆ ಬೋಗುಣೀಲಿರೋದು ಉಪ್ಪು ಅಂತ ನಿನಗೆ ಗೊತ್ತು, ನನಗೆ ಗೊತ್ತು. ಆ ಪೊಟ್ಟಣ ನೋಡಿ ಕಲಿಯೋಳಿಗೆ ಯಾರು ಹೇಳ್ತಾರೆ? ಅವಳು ಬಿಚ್ಚೋದು ಉಪ್ಪಿನ ಮೂಟೆ ಅಲ್ಲ, ಕಾಸ್ಟಿಕ್ ಮೂಟೆ."

ಎಬೊ ಕ್ಯಾಮೆರಾ ಕೆಳಗಿಳಿಸಿದ. "ಅಮ್ಮಾ, ನಾನು ಸಂಬಳದವನು. ಗ್ಲೌಸು ಗೀಸು ಇರೋ ಫೋಟೋ ಕೊಟ್ರೆ ಅವರು ಆರ್ಡರನ್ನೇ ಬೇಡ ಅನ್ನಬಹುದು. ಹಾಗಾದ್ರೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ."

ಈಗ ಎಲ್ಲರ ಕಣ್ಣೂ ಮಗಾಜಿಯಾಳ ಮೇಲೆ. ಆ ಕ್ಯಾಲೆಂಡರನ್ನು ಪೋಸ್ಟರಿನ ಮೇಲೆ ತೂಗುಹಾಕಿದವಳು ಅವಳೇ. ಅದಕ್ಕೂ ಮುಂಚೆ, ಗೋಡೆ ಚಂದ ಕಾಣಲಿ ಎಂದು ಆ ಪೋಸ್ಟರನ್ನು ಅಂಟಿಸಿದವಳೂ ಅವಳೇ. ಸನಾತು ಮುದುಕಿ ಬಹಳ ಹೊತ್ತು ಆ ನಗುವ ಹೆಂಗಸನ್ನು ನೋಡಿದಳು. ಆಮೇಲೆ ಲಾಮಿಸಿಯ ಬಿಳಿ ಕಣ್ಣನ್ನು ನೋಡಿದಳು. ಅದನ್ನು ಅವಳು ಹೀಗೆ ನೇರವಾಗಿ ನೋಡಿದ್ದು ಅದೇ ಮೊದಲು.

"ಫುಸೇನಾ," ಎಂದಳು, "ಆ ಉಪ್ಪನ್ನ ಅಡುಗೆಮನೆಗೆ ಸೇರಿಸು. ನನ್ನ ಗ್ಲೌಸು, ಕನ್ನಡಕ ತಗೊಂಬಾ. ಕಂಪನಿಯವರು ಬೇಡ ಅಂದ್ರೆ ಬೇಡ. ನಮ್ಮ ಸಾಬೂನಿಗೇನು ಹುಳ ಬೀಳುತ್ತಾ? ತಮಾಲೆ ಸಂತೆಲಿ ಕೂತು ಮಾರ್ತೀನಿ, ಈ ವಯಸ್ಸಲ್ಲೂ ನನ್ನ ಗಂಟಲು ಇನ್ನೂ ಗಟ್ಟಿಯಾಗೇ ಇದೆ."

ಕಸೂತಿ ಹಾಕಿದ ತಲೆವಸ್ತ್ರದ ಮೇಲೆಯೇ ಮಗಾಜಿಯಾ ಪ್ಲಾಸ್ಟಿಕ್ ಕನ್ನಡಕ ಏರಿಸಿಕೊಂಡಳು. ಯಾರೂ ನಗಲಿಲ್ಲ. ಒಬ್ಬೊಬ್ಬಳೇ ಒಳಗೆ ಹೋಗಿ ಕೈಗವಸು ತೊಟ್ಟು ಬಂದಳು. ಲಾಮಿಸಿ ಸೊಂಟದ ಗಂಟು ಬಿಚ್ಚಿ ಪೆಟ್ಟಿಗೆಯ ಬೀಗ ತೆಗೆದಳು. ಕಾಸ್ಟಿಕ್ ತೂಗಿದಳು, ಪ್ಲಾಸ್ಟಿಕ್ ಬಕೆಟ್ಟಿಗೆ ಮೊದಲು ನೀರು ಅಳೆದು ಹಾಕಿದಳು. ಮೈಮೇಲೆ ಸಿಡಿದರೆ ತೊಳೆಯಲೆಂದು ಪಕ್ಕದಲ್ಲಿ ಬೇರೆ ಎರಡು ಬಕೆಟ್ ನೀರು ಇಡಿಸಿದಳು. ಆಮೇಲೆ ಎಬೊನನ್ನು ತೋಳು ಹಿಡಿದು ಎಳೆದಳು.

"ಹೊಗೆ ಬರೋ ಕಡೆ ನಿಂತಿದೀಯಲ್ಲೋ ಮಂಕೇ! ಗಾಳಿ ಬೆನ್ನಿಗಿರ್ಬೇಕು. ತಗೋ, ನೀನೂ ಕನ್ನಡಕ ಹಾಕ್ಕೋ."

ಎಬೊ ಹಾಕಿಕೊಂಡ. ಕನ್ನಡಕದ ಮೇಲೆ ಕ್ಯಾಮೆರಾ ಒತ್ತಿ ಹಿಡಿಯಲು ಒದ್ದಾಡುತ್ತಾ, ಅಭ್ಯಾಸಬಲದಿಂದ ಕೂಗಿದ. "ಅಮ್ಮಾ, ಸ್ವಲ್ಪ ನಗಿ!"

ಲಾಮಿಸಿ ತಲೆಯೆತ್ತಿ ಕ್ಯಾಮೆರಾವನ್ನು ದುರುಗುಟ್ಟಿ ನೋಡಿದಳು. ಪ್ಲಾಸ್ಟಿಕ್ಕಿನ ಹಿಂದೆ ಅವಳ ಎರಡು ಕಣ್ಣೂ ಚೆನ್ನಾಗಿ ಕಾಣುತ್ತಿದ್ದವು, ಕರಿಯದೂ ಬಿಳಿಯದೂ.

"ಆ ಚಿತ್ರದವಳೂ ನಗ್ತಾನೇ ಇದ್ಳು," ಎಂದು, ನೀರಿಗೆ ಕಾಸ್ಟಿಕ್ ಸುರಿಯತೊಡಗಿದಳು.