ಅತ್ತೆಯ ಬೀಜ, ಆಫೀಸಿನ ಬೀಜ

ಹನ್ನೆರಡು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಅತ್ತೆಗೆ ಒಂದು ಮಾತು ಕೊಟ್ಟಿದ್ದೆ. ಅವರು ಕೂಡಿಟ್ಟ ಹೆಸರುಕಾಳು ಮೊಳಕೆಯಲ್ಲಿ ನಮ್ಮ ಕೃಷಿ ಕಚೇರಿಯ ಬೀಜವನ್ನು ಸೋಲಿಸಿದ ದಿನ, ಅದನ್ನು ಕಚೇರಿಯ ಕರಿಹಲಗೆಯ ಮೇಲೆ ನಾನೇ ಕೈಯಾರೆ ಬರೆಯುತ್ತೇನೆ ಎಂದು. ಪ್ರತಿ ವರ್ಷ ಅವರು ಎರಡು ಮೂರು ಕಾಳಿನಲ್ಲಿ ಸೋಲುತ್ತಿದ್ದರು. ಈ ಸಲ ಮಾತ್ರ ನೆರೆಯ ಹನ್ನೊಂದು ಮನೆಯವರು, "ನಿಮ್ಮ ಸೊಸೆ ಬರೆದರೆ ನಿಮ್ಮ ಬೀಜವನ್ನೇ ಬಿತ್ತುತ್ತೇವೆ" ಎಂದುಬಿಟ್ಟಿದ್ದರು. ಅತ್ತೆಗೆ ನಿದ್ದೆಯೇ ಇರಲಿಲ್ಲ.

ಬಿತ್ತನೆಯ ವಾರ. ವರಾಂಡದ ತುಂಬ ಬೀಜದ ಚೀಲ, ಮೇಜಿನ ತುಂಬ ಮಣ್ಣಿನ ಪೊಟ್ಟಣ. ಯಾರೋ ಪುಣ್ಯಾತ್ಮರು ಹುಳ ಬಿದ್ದ ಬದನೆ ಗಿಡವನ್ನು ಬೇರುಸಹಿತ ಕಿತ್ತು ತಂದು ನನ್ನ ಕುರ್ಚಿಯಲ್ಲೇ ಕೂರಿಸಿ ಹೋಗಿದ್ದರು. ಈ ಗಲಾಟೆಯ ನಡುವೆ ಮಂಗಳವಾರ ನೂರು ನೂರು ಕಾಳು ಎಣಿಸಿ ಎರಡು ಒದ್ದೆ ಬಟ್ಟೆಯಲ್ಲಿ ಸುತ್ತಿದೆ. ತಟ್ಟೆ ಒಂದೇ ಇದ್ದದ್ದರಿಂದ ಅದರಲ್ಲಿ ಕಚೇರಿಯದನ್ನಿಟ್ಟು, ಅತ್ತೆಯದನ್ನು ನನ್ನ ಊಟದ ಡಬ್ಬಿಯಲ್ಲಿಟ್ಟೆ.

ಶುಕ್ರವಾರ, ಬೀಜ ಹಂಚುವ ಮೊದಲು, ಅತ್ತೆಯ ಎದುರಿಗೇ ಎಣಿಸಿದೆ. ಕಚೇರಿಯದು ಎಂಬತ್ತೊಂಬತ್ತು ಮೊಳಕೆ. ಡಬ್ಬಿ ತೆಗೆದೆ. ಬಟ್ಟೆಯಲ್ಲಿ ಇದ್ದದ್ದು ಏಳೇ ಕಾಳು, ಒಂದೂ ಮೊಳೆತಿರಲಿಲ್ಲ.

"ಮಿಕ್ಕಿದ್ದಕ್ಕೆ ಕಾಲು ಬಂತಾ?" ಎಂದರು ಅತ್ತೆ.

ಜೀಪಿನ ಡ್ರೈವರ್ ಬಾಗಿಲಲ್ಲಿ ತಲೆ ಕೆರೆದುಕೊಂಡ. "ಮೇಡಂ, ನಿನ್ನೆ ಮೂರು ಸಲ ಗೋದಾಮಿಗೆ ಓಡಿಸಿದ್ರಿ, ಊಟಕ್ಕೆ ಬಿಡಲೇ ಇಲ್ಲ. ನಿಮ್ಮ ಡಬ್ಬಿ ಅಲ್ವಾ, ನನಗೇ ಅಂತ ಇಟ್ಟಿದ್ದೀರಿ ಅಂದ್ಕೊಂಡೆ. ಚೂರು ಉಪ್ಪು ಹಾಕ್ಕೊಂಡು..."

"ತಟ್ಟೇಲಿದ್ದಿದ್ದು ಯಾಕೆ ಬಿಟ್ಟೆ?" ಎಂದೆ.

"ಅದಕ್ಕೆ ಔಷಧಿ ಮೆತ್ತಿ ಗುಲಾಬಿ ಬಣ್ಣ ಬಂದಿತ್ತಲ್ಲ. ಅಷ್ಟೂ ತಿಳಿಯದ ದಡ್ಡನಾ ನಾನು?"

ಅತ್ತೆ ಬೆಂಚಿನ ಮೇಲೆ ಕುಸಿದು ಕೂತರು. "ಹನ್ನೆರಡು ವರ್ಷಕ್ಕೆ ಕೈಗೆ ಬಂದ ತುತ್ತು ಬಾಯಿಗೂ ಬಂತು ನೋಡು, ಇವನ ಬಾಯಿಗೆ."

ಹೊರಗೆ ಹನ್ನೊಂದು ಮನೆಯವರೂ ಸಾಲಿನಲ್ಲಿ ನಿಂತು ಕಾಯುತ್ತಿದ್ದರು. ಮತ್ತೆ ಮೊಳಕೆ ಕಟ್ಟಲು ದಿನವಿರಲಿಲ್ಲ. ನಾನು ಆ ಏಳು ಕಾಳನ್ನೇ ನೋಡುತ್ತ ಕೇಳಿದೆ, "ಇವನ್ನ ಯಾಕಪ್ಪ ಉಳಿಸಿದೆ?"

"ಮೊಳಕೆ ಬಂದಿರಲಿಲ್ಲ ಮೇಡಂ, ಕಲ್ಲು ಕಲ್ಲು. ಹಲ್ಲು ಹೋದ್ರೆ ನೀವು ಕಟ್ಟಿಸಿಕೊಡ್ತೀರಾ? ಮೊಳೆತಿದ್ದನ್ನ ಒಂದೊಂದೇ ಆರಿಸಿ ತಿಂದೆ."

"ಮೊಳೆಯದ್ದು ಒಂದಾದ್ರೂ ಬಾಯಿಗೆ ಹೋಯ್ತಾ? ಕೆಳಗೆ ಬಿತ್ತಾ?"

"ನಮ್ಮಮ್ಮನಾಣೆ, ಇಲ್ಲ."

ಅತ್ತೆ ಆಗಲೇ ಎದ್ದು ನಿಂತಿದ್ದರು. "ನೂರರಲ್ಲಿ ಏಳು ಕಳೆದರೆ..."

"ತಿಂದವನ ಮಾತು ನಂಬಿ ಬರೆಯೋಕಾಗುತ್ತಾ ಅತ್ತೆ?"

"ನಿನ್ನ ಕನ್ನಡಕಕ್ಕಿಂತ ಹಸಿದವನ ಕಣ್ಣು ಚುರುಕು ಕಣಮ್ಮ."

ಸೀಮೆಸುಣ್ಣ ತೆಗೆದುಕೊಂಡು ಹೊರಗೆ ಹೋದೆ. ಕಚೇರಿಯ ಬೀಜ ಎಂಬತ್ತೊಂಬತ್ತು, ಅತ್ತೆಯ ಬೀಜ ತೊಂಬತ್ತಮೂರು ಎಂದು ಬರೆದು, ಕೆಳಗೆ "ಎರಡನೆಯದನ್ನು ಡ್ರೈವರ್ ತಿಂದು ಲೆಕ್ಕ ಕೊಟ್ಟಿದ್ದು" ಎಂದೂ ಸೇರಿಸಿದೆ. ಓದಿದವರು ಬಿದ್ದು ಬಿದ್ದು ನಕ್ಕರು. ಹನ್ನೊಂದು ಮನೆಯಲ್ಲಿ ಒಂಬತ್ತು ಮನೆಯವರು ಅತ್ತೆಯ ಹಿಂದೆ ಹೊರಟರು.

ಕೊಟ್ಟ ಮಾತು ನಡೆಸಿದೆ.