ಎರಡು ಹಾಡುಗಳ ನಡುವೆ

ನನ್ನಕ್ಕ ಮಹಾ ಹಟಮಾರಿ. ಅವಳ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಂಟು ಬೆಳೆದಿತ್ತು. ಆಪರೇಷನ್ ಮಾಡಿಸಲೇಬೇಕು, ತಡ ಮಾಡಬಾರದು ಎಂದು ಡಾಕ್ಟರು ಹೇಳಿದ್ದರು. ಆಮೇಲೆ ದನಿ ಸ್ವಲ್ಪ ಬದಲಾದರೂ ಆಗಬಹುದು ಎಂದೂ ಸೇರಿಸಿದ್ದರು. ಆ ಮಾತೊಂದನ್ನು ಅವರು ನುಂಗಿಕೊಂಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಅಕ್ಕ ಎರಡು ಸಲ ದಿನ ಮುಂದೂಡಿದಳು. ನಮ್ಮ ಜೊತೆ ತಾನು ಹಾಡಿದ ಒಂದಾದರೂ ಹಾಡು ನೆಟ್ಟಗೆ ರೆಕಾರ್ಡ್ ಆಗಲಿ, ಆಮೇಲೆ ಕತ್ತು ಕೊಡುತ್ತೇನೆ ಅಂದಳು.

ನಾವೆಂದರೆ ನಾಲ್ಕೇ ಜನ. ಅಕ್ಕ ಹಾಡುತ್ತಾಳೆ. ಅವಳ ಗಂಡ, ಅಂದರೆ ನಮ್ಮ ಭಾವ, ಹಾಸಿಗೆ ಹೊಲಿಯುವವರು, ಡ್ರಮ್ ಬಾರಿಸುತ್ತಾರೆ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು ಗಿಟಾರ್ ನುಡಿಸುತ್ತಾರೆ. ನಾನು ಮಿಕ್ಸಿ, ಫ್ಯಾನು ರಿಪೇರಿಯವನು. ಬೇಸ್ ಗಿಟಾರ್ ನನ್ನದು. ಭಾನುವಾರ ಬೆಳಿಗ್ಗೆ ಭಾವನ ಅಂಗಡಿಯಲ್ಲಿ ಸೇರುತ್ತೇವೆ. ಸ್ಟುಡಿಯೋ ಮೆಟ್ಟಿಲು ಹತ್ತುವ ತಾಕತ್ತು ನಮ್ಮ ಜೇಬಿಗಿಲ್ಲ. ಆದರೆ ಸುತ್ತ ಗೋಡೆಗೆ ಒರಗಿಸಿದ ಹಾಸಿಗೆಗಳು ಸದ್ದು ಮಾರ್ದನಿಸಲು ಬಿಡುವುದಿಲ್ಲ. ಅಂಥ ಕೋಣೆಗೆ ಸ್ಟುಡಿಯೋದವರು ಎಷ್ಟು ದುಡ್ಡು ಸುರಿಯುತ್ತಾರೋ, ನಮಗೆ ಪುಕ್ಕಟೆ.

ಮೂರು ವಾರ ಮೇಷ್ಟ್ರ ಫೋನಿನಲ್ಲೇ ಪ್ರಯತ್ನಪಟ್ಟೆವು. ಇರುವುದೊಂದೇ ಮೈಕು. ಒಬ್ಬರ ಸದ್ದು ಹೆಚ್ಚಾದರೆ ಆಮೇಲೆ ತಗ್ಗಿಸಲು ಬರುವುದಿಲ್ಲ, ಮನುಷ್ಯರನ್ನೇ ಹಿಂದೆಮುಂದೆ ಸರಿಸಬೇಕು. ಮೊದಲ ವಾರ ಡ್ರಮ್ ಎಲ್ಲವನ್ನೂ ನುಂಗಿಹಾಕಿತು. ಭಾವನನ್ನು ಮೂಲೆಗೆ, ಹತ್ತಿ ಮೂಟೆಗಳ ಹಿಂದಕ್ಕೆ ಕಳಿಸಿ ಡ್ರಮ್ಮಿನ ಮೇಲೊಂದು ಹಳೆ ದುಪ್ಪಟಿ ಹೊದಿಸಿದೆವು. ಎರಡನೇ ವಾರ ನನ್ನ ಬೇಸ್ ಸ್ಪೀಕರಿನಿಂದ ನೆಲವೇ ಗುಂಯ್‌ಗುಟ್ಟಿತು. ಅದನ್ನು ಫೋಮಿನ ಮೇಲೆ ಕೂರಿಸಿ ಗೋಡೆಗೆ ಮುಖ ಮಾಡಿಸಿದೆ. ಮೂರನೇ ವಾರ ಎಲ್ಲ ಸರಿಹೋಯಿತು, ಅಕ್ಕನೊಬ್ಬಳನ್ನು ಬಿಟ್ಟು. ರೆಕಾರ್ಡಿಂಗ್ ಶುರು ಎಂದ ಕೂಡಲೇ ಅವಳ ದನಿ ಪರೀಕ್ಷೆಗೆ ನಿಂತ ಹುಡುಗಿಯಂತೆ ಬಿಗಿದುಕೊಳ್ಳುತ್ತದೆ. ಶ್ರುತಿ ತಪ್ಪುವುದಿಲ್ಲ, ಹಾಡಿನಲ್ಲಿ ಜೀವ ಇರುವುದಿಲ್ಲ. ಅದು ಅವಳಿಗೇ ಗೊತ್ತು.

ಆಪರೇಷನ್‌ಗೆ ಡಾಕ್ಟರು ಮೂರನೇ ಸಲ ಕೊಟ್ಟ ದಿನ ಗುರುವಾರಕ್ಕೆ ಬಿದ್ದಿತ್ತು. ಅದಕ್ಕೆ ಮುಂಚೆ ನಮಗಿದ್ದದ್ದು ಒಂದೇ ಭಾನುವಾರ. ಭಾವ ಅಕ್ಕನಿಗೆ ಏನೂ ಹೇಳುವುದಿಲ್ಲ, ಹೇಳಿದರೆ ಅವಳು ಇನ್ನಷ್ಟು ಬಿಗಿದುಕೊಳ್ಳುತ್ತಾಳೆಂದು ಹೆದರುತ್ತಾರೆ. ಈ ಸಲವೂ ಅವಳು ಮುಂದೂಡಿದರೆ ತಾನೇನು ಮಾಡಲಿ ಎಂದು ನನ್ನ ಹತ್ತಿರ ಕೇಳಿದರು. ಅಷ್ಟರಲ್ಲಿ ಗಿರಾಕಿಯೊಬ್ಬ ಫ್ಯಾನು ರಿಪೇರಿಗೆ ದುಡ್ಡಿನ ಬದಲು ಅಂಗೈಯಗಲದ ಹಳೆ ರೆಕಾರ್ಡರ್ ಕೊಟ್ಟಿದ್ದ. ಆ ಭಾನುವಾರ ಅದನ್ನೇ ಪೊರಕೆ ಕೋಲಿಗೆ ಕಟ್ಟಿ, ತಲೆಯೆತ್ತರಕ್ಕೆ, ಭಾವನ ಅಂಗಡಿಯ ನಡುಮಧ್ಯೆ ನಿಲ್ಲಿಸಿದೆ.

ಜೊತೆಗೆ ಬಂದ ಪುಸ್ತಕವನ್ನು ಒಮ್ಮೆ ಓದಿಬಿಡು ಎಂದು ಭಾವ ಹೇಳಿದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಇಪ್ಪತ್ತು ವರ್ಷದಿಂದ ಊರವರ ಯಂತ್ರ ಬಿಚ್ಚಿ ಜೋಡಿಸುವವನಿಗೆ ಪುಸ್ತಕ ಬೇರೆ! ಗುಂಡಿ ಒತ್ತಿದೆ, ಕೆಂಪು ದೀಪ ಮಿಣುಕತೊಡಗಿತು. ಮಿಣುಕುತ್ತಿದೆ ಅಂದರೆ ಓಡುತ್ತಿದೆ ಎಂದುಕೊಂಡೆ. ಹಾಡು ಮುಗಿದ ಮೇಲೆ ಮತ್ತೆ ಒತ್ತಿದೆ, ದೀಪ ಮಿಣುಕದೆ ನಿಂತಿತು. ಮಿಣುಕು ನಿಂತರೆ ಯಂತ್ರವೂ ನಿಂತಂತೆ, ಇನ್ನೇನು? ಮಧ್ಯೆ ಒಮ್ಮೆ ಕೇಳಿ ನೋಡೋಣ ಎಂದ ಮೇಷ್ಟ್ರನ್ನು, ಬ್ಯಾಟರಿ ಖರ್ಚಾಗುತ್ತದೆಂದು ಗದರಿದೆ. ಹೀಗೆ ಐದು ಹಾಡು ಮುಗಿಸಿದೆವು. ಅಕ್ಕ ಐದನ್ನೂ ಬಿಗಿದುಕೊಂಡೇ ಹಾಡಿದಳು. ಪರವಾಗಿಲ್ಲ, ಪರವಾಗಿಲ್ಲ ಎಂದು ಎಲ್ಲರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡೆವು.

ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಕೂತು ಕೇಳಿದರೆ ಅದರಲ್ಲಿ ಒಂದು ಹಾಡೂ ಇಲ್ಲ. ಕುರ್ಚಿ ಎಳೆದ ಸದ್ದು, ತಂತಿ ತಿರುವಿದ ಸದ್ದು, ಮೇಷ್ಟ್ರ ಕೆಮ್ಮು, ನನ್ನ ಬೈಗುಳ. ಆಗ ಪುಸ್ತಕ ತೆಗೆದೆ. ಮೊದಲು ಒತ್ತಿದರೆ ಯಂತ್ರ ಬರೀ ತಯಾರಾಗಿ ಕಾಯುತ್ತದೆ, ಆಗ ದೀಪ ಮಿಣುಕುತ್ತದೆ. ಇನ್ನೊಮ್ಮೆ ಒತ್ತಿದರೆ ಮಾತ್ರ ರೆಕಾರ್ಡಿಂಗ್ ಶುರು, ದೀಪ ಮಿಣುಕದೆ ಉರಿಯುತ್ತದೆ. ಮತ್ತೆ ಒತ್ತಿದರೆ ಮತ್ತೆ ಕಾಯುತ್ತದೆ. ಅಂದರೆ ಹಾಡಿದಾಗೆಲ್ಲ ಅದು ಕಾಯುತ್ತಾ ಕೂತಿತ್ತು, ನಾವು ಬಾಯಿ ಮುಚ್ಚದೆ ಹರಟಿದ್ದನ್ನೆಲ್ಲ ಶ್ರದ್ಧೆಯಿಂದ ಹಿಡಿದಿಟ್ಟಿತ್ತು. ಮಾಡಿದ್ದುಣ್ಣೋ ಮಹರಾಯ. ಉಣ್ಣಬೇಕಾದವಳು ಅಕ್ಕ ಎಂಬುದೇ ನನ್ನ ಸಂಕಟ. ತಲೆ ಮೇಲೆ ಕೈ ಹೊತ್ತು ಕೂತೆ.

ಬೇರೇನೂ ತೋಚದೆ ಅದನ್ನೇ ಮುಂದಕ್ಕೆ ಕೇಳುತ್ತಾ ಹೋದೆ. ಮೂರನೇ ಹಾಡಾದ ಮೇಲಿನ ಬಿಡುವು ಬಂತು. ಆ ಹಾಡಿನಲ್ಲಿ ಭಾವ ತಾಳ ತಪ್ಪಿದ್ದರು. ಅಕ್ಕ ಅವರ ಮೂಲೆಗೆ ಹೋಗಿ, ಹತ್ತಿ ಮೂಟೆಯ ಮೇಲೆ ಕೂತು, ಎಲ್ಲಿ ತಪ್ಪಿತೆಂದು ತೋರಿಸಲು ಹಾಡಿದ್ದಳು. ನಾನು ಆಗ ತಂತಿ ಬಿಗಿಯುತ್ತಿದ್ದೆ, ಕಿವಿಗೊಟ್ಟಿರಲಿಲ್ಲ. ಒಂದು ಸಾಲು ತೋರಿಸಲು ಹೋದವಳು ಹಾಡು ಮುಗಿಯುವವರೆಗೂ ನಿಲ್ಲಿಸಿರಲಿಲ್ಲ. ಭಾವ ಬೆರಳಲ್ಲೇ ಡ್ರಮ್ ತಟ್ಟಿದ್ದರು, ಮೇಷ್ಟ್ರು ಮೆಲ್ಲಗೆ ಎರಡು ತಂತಿ ಮೀಟಿದ್ದರು. ದನಿ ಕೊಂಚ ದೂರದಿಂದ ಬಂದರೂ ಒಂದೊಂದು ಪದವೂ ತಿಳಿಯಾಗಿತ್ತು. ಚಿಕ್ಕವನಿದ್ದಾಗ ನನ್ನನ್ನು ಸೊಂಟದ ಮೇಲಿಟ್ಟುಕೊಂಡು ತಿರುಗಿದ ಅಕ್ಕನ ದನಿ ಅದೇ. ನನಗೆ ಅಳು ತಡೆಯಲಾಗಲಿಲ್ಲ.

ಸಂಜೆಯಾಗುವ ಮೊದಲೇ ಅವರ ಮನೆಗೆ ಓಡಿದೆ. ಹಾಡು ಒಂದೂ ಬಂದಿಲ್ಲ ಎಂದು ಮೊದಲೇ ಒಪ್ಪಿಕೊಂಡೆ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೋಗಿ ಮಡಚಿದ ಬಟ್ಟೆಗಳನ್ನೇ ಮತ್ತೆ ಮಡಚತೊಡಗಿದಳು. ಬಾಗಿಲ ಬಳಿ ನಿಂತ ಭಾವನ ಮುಖ ಬಿಳಿಚಿಕೊಂಡಿತ್ತು. ನಾನು ಆ ತುಣುಕನ್ನು ಹಾಕಿದೆ.

ಅಕ್ಕನ ಕೈ ನಿಂತಿತು. ಹಾಡಿನ ನಡುವೆ ಅವಳು ನಕ್ಕು, "ಅಲ್ಲ ರೀ, ನನ್ ಉಸಿರು ನೋಡ್ಕೊಂಡು ಬಾರ್ಸಿ" ಎಂದು ಭಾವನಿಗೆ ಹೇಳಿದ್ದೂ ಅದರಲ್ಲಿತ್ತು. ಪೂರ್ತಿ ಕೇಳಿದಳು.

"ಇದು ನಾನೇನಾ?"

"ನೀನೇ ಅಕ್ಕ. ನಿನಗೆ ಗೊತ್ತಿಲ್ದೆ ಹಾಡಿದ್ದು."

ಇನ್ನೊಮ್ಮೆ ಹಾಕಿಸಿದಳು. ಆಮೇಲೆ ಮತ್ತೊಮ್ಮೆ. ಮೂರನೇ ಸಲ ತಾನೂ ತುಟಿ ಆಡಿಸಿದಳು. ಮುಗಿದ ಮೇಲೆ ಕಣ್ಣೊರೆಸಿಕೊಂಡು, ಬಟ್ಟೆಯನ್ನು ಬದಿಗಿಟ್ಟು ಭಾವನ ಕಡೆ ತಿರುಗಿದಳು.

"ರೀ, ಗುರುವಾರ ಎಷ್ಟು ಗಂಟೆಗೆ ಹೋಗ್ಬೇಕು?"

ಏಳಕ್ಕೆ ಆಸ್ಪತ್ರೆಯಲ್ಲಿರಬೇಕು ಅಂದರು ಭಾವ. ಅಷ್ಟು ಹೇಳಿ, ಅಕ್ಕ ಬದಿಗಿಟ್ಟ ಬಟ್ಟೆಗಳನ್ನು ಎತ್ತಿ ಒಂದು ಚೀಲಕ್ಕೆ ತುಂಬತೊಡಗಿದರು.